‘ಇಲ್ಲ’ ಎಂದ ಶಾಸಕ



ಕೆನಡಾ ಎಂದೊಡನೆ ನಮ್ಮ ಸಂಘದ ಅನೇಕ ಸದಸ್ಯರ ಕಿವಿ ನೆಟ್ಟಗಾಗುತ್ತದೆ. ಒಬ್ಬರ ಮಗ ಟೊರೊಂಟೋದಲ್ಲಿ, ಇನ್ನೊಬ್ಬರ ಮಗಳು ವ್ಯಾಂಕೂವರಿನಲ್ಲಿ, ಮತ್ತೊಬ್ಬರ ಮೊಮ್ಮಗ ವೀಸಾ ಬರಲೆಂದು ಇಲ್ಲೇ ದಿನ ಎಣಿಸುತ್ತಿದ್ದಾನೆ. ಅಲ್ಲಿನ ಚಳಿ, ಮನೆ ಬಾಡಿಗೆ, ಸೋನಾ ಮಸೂರಿ ಅಕ್ಕಿಯ ಬೆಲೆ ಎಲ್ಲವೂ ನಮಗೆ ಬಾಯಿಪಾಠ. ಆದರೆ ಆ ನೆಲದಲ್ಲಿ ಮೊದಲಿನಿಂದ ಇದ್ದವರು ಯಾರು, ಅವರ ಗತಿ ಏನಾಯಿತು ಎಂಬ ಮಾತು ನಮ್ಮ ಹರಟೆಯಲ್ಲಿ ಬರುವುದು ಅಪರೂಪ.

ಈ ಸಲ ಅಂಥವರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ಅವರು ಪ್ರಧಾನಿಯಾಗಲಿಲ್ಲ, ತಮ್ಮ ಪ್ರಾಂತದ ಮುಖ್ಯಮಂತ್ರಿಯೂ ಆಗಲಿಲ್ಲ. ಒಂದು ಶಾಸನಸಭೆಯ 57 ಸದಸ್ಯರಲ್ಲಿ ಒಬ್ಬರು, ಅದೂ ವಿರೋಧ ಪಕ್ಷದ ಸಾಲಿನಲ್ಲಿ ಕೂತವರು. ಆದರೂ 1990ರ ಜೂನ್ ತಿಂಗಳಲ್ಲಿ ಅವರು ಮೆಲ್ಲನೆ ಹೇಳಿದ ಒಂದು ಮಾತಿಗೆ ಇಡೀ ದೇಶದ ಸಂವಿಧಾನ ತಿದ್ದುಪಡಿಯೇ ನಿಂತುಹೋಯಿತು. ಅವರ ಹೆಸರು ಎಲೈಜಾ ಹಾರ್ಪರ್. ಅವರು ಹೇಳಿದ ಮಾತು: ‘ಇಲ್ಲ, ಸಭಾಧ್ಯಕ್ಷರೇ.’

ಕೆನಡಾದ ನಡುಭಾಗದಲ್ಲಿ ಮ್ಯಾನಿಟೋಬಾ ಎಂಬ ಪ್ರಾಂತವಿದೆ. ಅದರ ರಾಜಧಾನಿ ವಿನ್ನಿಪೆಗ್. ಅಲ್ಲಿಂದ ಈಶಾನ್ಯಕ್ಕೆ ನೂರಾರು ಕಿಲೋಮೀಟರ್ ಹೋದರೆ ಕಾಡು, ಕೆರೆ, ಮತ್ತೆ ಕಾಡು. ಆ ಕೆರೆಗಳ ನಡುವೆ ರೆಡ್ ಸಕ್ಕರ್ ಲೇಕ್ ಎಂಬ ಪುಟ್ಟ ಊರು. ಅಲ್ಲಿಗೆ ವರ್ಷವಿಡೀ ಓಡಾಡುವ ರಸ್ತೆ ಇಲ್ಲ. ಚಿಕ್ಕ ವಿಮಾನದಲ್ಲಿ ಹೋಗಬೇಕು, ಇಲ್ಲವೇ ಚಳಿಗಾಲದಲ್ಲಿ ಕೆರೆಗಳು ಗಡ್ಡೆಕಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಹಾಕುವ ಹಾದಿಯಲ್ಲಿ ಹೋಗಬೇಕು. 1949ರ ಮಾರ್ಚ್ 3ರಂದು ಹಾರ್ಪರ್ ಹುಟ್ಟಿದ್ದು ಆ ಊರಿನಲ್ಲಿ. ಅವರದು ಓಜಿ-ಕ್ರೀ ಜನಾಂಗ. ಕೆನಡಾದಲ್ಲಿ ಇಂಥ ಮೂಲನಿವಾಸಿ ಜನಾಂಗಗಳನ್ನು ಈಗ ‘ಫಸ್ಟ್ ನೇಷನ್ಸ್’ ಎನ್ನುತ್ತಾರೆ. ಎಂದರೆ ಮೊದಲ ಜನ.

ಮೊದಲ ಜನ ಎಂದು ಹೆಸರೇನೋ ಬಂತು, ಮರ್ಯಾದೆ ಬರಲು ಬಹುಕಾಲ ಹಿಡಿಯಿತು. ಒಂದೇ ಸಂಗತಿ ಹೇಳುತ್ತೇನೆ. ಕಾನೂನಿನ ಪ್ರಕಾರ ‘ಇಂಡಿಯನ್’ ಎಂದು ದಾಖಲಾದ ಈ ಜನರಿಗೆ, ತಮ್ಮ ಆ ಸ್ಥಾನವನ್ನು ಬಿಟ್ಟುಕೊಡದೆ ದೇಶದ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದದ್ದು 1960ರಲ್ಲಿ. ನಮ್ಮ ದೇಶದಲ್ಲಿ 1952ರ ಮೊದಲ ಮಹಾಚುನಾವಣೆಯಲ್ಲೇ ಓದು ಬಾರದ ಅಜ್ಜಿಯರೂ ಸಾಲಿನಲ್ಲಿ ನಿಂತು ಮತ ಹಾಕಿದ್ದರು. ಅಷ್ಟು ಮುಂದುವರಿದ ಕೆನಡಾದಲ್ಲಿ ಹಾರ್ಪರ್ ಅವರ ತಂದೆತಾಯಿಗೆ ಆ ಭಾಗ್ಯ ಬರುವಷ್ಟರಲ್ಲಿ ಮಗನಿಗೆ ಹನ್ನೊಂದು ವರ್ಷ.

ಆ ವಯಸ್ಸಿನ ಹುಡುಗ ಕಲಿತದ್ದಾದರೂ ಎಲ್ಲಿ? ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ. ನಾರ್ವೇ ಹೌಸ್, ಬ್ರಾಂಡನ್, ಬರ್ಟಲ್ ಎಂಬ ಊರುಗಳ ಅಂಥ ಶಾಲೆಗಳಲ್ಲಿ ಹಾರ್ಪರ್ ಓದಿದರು. ‘ವಸತಿ ಶಾಲೆ’ ಎಂದಾಗ ನಮ್ಮ ನವೋದಯ ವಿದ್ಯಾಲಯವನ್ನು ನೆನೆಯಬೇಡಿ. ಮಕ್ಕಳನ್ನು ತಂದೆತಾಯಿಯ ಮಡಿಲಿನಿಂದ ದೂರ ಒಯ್ದು, ಮನೆಮಾತು ಆಡಿದರೆ ಶಿಕ್ಷಿಸಿ, ಹಳೆಯ ನಡೆನುಡಿಯನ್ನು ಮರೆಸುವುದೇ ಅವುಗಳ ಉದ್ದೇಶವಾಗಿತ್ತು. ಸುಮಾರು 1,50,000 ಮಕ್ಕಳು ಇಂಥ ಶಾಲೆಗಳಲ್ಲಿ ಬೆಳೆದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಇದಕ್ಕಾಗಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಜೂನ್ 11ರಂದು. ಕನ್ನಡನಾಡಿನ ಹೊರಗಿದ್ದು, ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ನಮಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಬಾಯಲ್ಲಿ ಭಾಷೆ ತಾನಾಗಿ ಮರೆಯುವುದೇ ಒಂದು ಸಂಕಟ. ಇನ್ನು ಹೊಡೆದು ಮರೆಸಿದರೆ?

ಮುಂದೆ ಹಾರ್ಪರ್ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಓದಿದರು. ತಮ್ಮ ಜನರ ನಡುವೆ ಕೆಲಸ ಮಾಡಿ, 1978ರಲ್ಲಿ, 29ರ ವಯಸ್ಸಿನಲ್ಲಿ, ರೆಡ್ ಸಕ್ಕರ್ ಲೇಕಿನ ಮುಖಂಡರಾಗಿ ಆಯ್ಕೆಯಾದರು. 1981ರಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಶಾಸನಸಭೆಗೆ ಗೆದ್ದುಬಂದರು. ಅಲ್ಲಿಯೂ ಶಾಸಕರನ್ನು ಎಂ.ಎಲ್.ಎ. ಎಂದೇ ಕರೆಯುತ್ತಾರೆ. ಫಸ್ಟ್ ನೇಷನ್ಸ್ ಜನರಲ್ಲಿ ಮ್ಯಾನಿಟೋಬಾದ ಎಂ.ಎಲ್.ಎ. ಆದವರಲ್ಲಿ ಇವರೇ ಮೊದಲಿಗರು.

ಅವರ ಕ್ಷೇತ್ರದ ಹೆಸರನ್ನು ಸ್ವಲ್ಪ ಗಮನಿಸಿ: ರೂಪರ್ಟ್ಸ್‌ಲ್ಯಾಂಡ್. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್, ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ಪ್ರದೇಶವನ್ನೆಲ್ಲ ಹಡ್ಸನ್ಸ್ ಬೇ ಕಂಪನಿ ಎಂಬ ವ್ಯಾಪಾರಿ ಕಂಪನಿಗೆ ಬರೆದುಕೊಟ್ಟ. ಆ ಕಂಪನಿಯ ಮೊದಲ ಗವರ್ನರ್ ದೊರೆಯ ಬಂಧು ರಾಜಕುಮಾರ ರೂಪರ್ಟ್. ಅವನ ಹೆಸರೇ ಆ ಸೀಮೆಗೆಲ್ಲ ನಿಂತಿತು. ಇನ್ನೂರು ವರ್ಷಗಳ ಮೇಲೆ, 1870ರಲ್ಲಿ, ಕಂಪನಿ ಮೂರು ಲಕ್ಷ ಪೌಂಡಿಗೆ ಅದನ್ನು ಕೆನಡಾಕ್ಕೆ ಬಿಟ್ಟುಕೊಟ್ಟಿತು. ಕೊಟ್ಟವರು, ಕೊಂಡವರು ಎಲ್ಲರೂ ಕಾಗದಕ್ಕೆ ಸಹಿ ಹಾಕಿದರು. ಅಲ್ಲಿ ಬಾಳುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಥೆ ಓದಿ ಬೆಳೆದ ನಮಗೆ ಈ ವ್ಯವಹಾರ ಹೊಸದೇನಲ್ಲ. ತಮ್ಮನ್ನು ಕೇಳದೆ ಮಾರಿದ ಆ ನೆಲದ ಒಂದು ಭಾಗಕ್ಕೆ ಹಾರ್ಪರ್ ಪ್ರತಿನಿಧಿಯಾಗಿದ್ದರು ಎಂಬುದನ್ನು ನೆನಪಿಡಿ. ಮುಂದಿನ ಕಥೆಗೆ ಇದು ಬೇಕು.

1986ರಲ್ಲಿ ಮುಖ್ಯಮಂತ್ರಿ ಹೊವಾರ್ಡ್ ಪಾಲಿ ಅವರು ಹಾರ್ಪರ್ ಅವರನ್ನು ಸಚಿವರನ್ನಾಗಿ ಮಾಡಿ ಮೂಲನಿವಾಸಿಗಳ ವ್ಯವಹಾರ ವಹಿಸಿಕೊಟ್ಟರು. ಎಲ್ಲವೂ ಸುಗಮವಾಗಿತ್ತು ಎಂದಲ್ಲ. 1987ರಲ್ಲಿ ಒಂದು ಕಾರು ಅಪಘಾತವಾಗಿ, ಕುಡಿದಿದ್ದರೇ ಎಂದು ನೋಡುವ ಪೊಲೀಸರ ಪರೀಕ್ಷೆಗೆ ಒಪ್ಪದ ಕಾರಣ ಅವರು ರಾಜೀನಾಮೆ ಕೊಡಬೇಕಾಯಿತು. ಕೆಲವು ತಿಂಗಳಲ್ಲೇ ಮತ್ತೆ ಸಂಪುಟಕ್ಕೆ ಮರಳಿದರು. ದೇವರಂಥ ಮನುಷ್ಯರ ಚರಿತ್ರೆ ಮಾತ್ರ ಓದಬೇಕೆನ್ನುವವರಿಗೆ ಇದು ರುಚಿಸಲಾರದು. ಎಡವಿದವನು ಎದ್ದು ನಿಂತು ಕೆಲಸ ಮಾಡಿದ ಕಥೆಯೇ ನನಗೆ ಹೆಚ್ಚು ಹಿಡಿಸುತ್ತದೆ.

1988ರ ಮಾರ್ಚಿನಲ್ಲಿ ಆ ಸರ್ಕಾರವೇ ಉರುಳಿತು. ಕಾರಣ ಕೇಳಿದರೆ ನಗು ಬರುತ್ತದೆ: ಆಳುವ ಪಕ್ಷದ ಒಬ್ಬನೇ ಒಬ್ಬ ಶಾಸಕ, ಜಿಮ್ ವಾಲ್ಡಿಂಗ್, ಬಜೆಟ್ಟಿನ ವಿರುದ್ಧ ಮತ ಹಾಕಿದ್ದು. ನಂತರದ ಚುನಾವಣೆಯಲ್ಲಿ ಪಕ್ಷ ಮೂರನೆಯ ಸ್ಥಾನಕ್ಕೆ ಇಳಿಯಿತು. ಹಾರ್ಪರ್ ಮಾತ್ರ ಗೆದ್ದು, ವಿರೋಧಿಗಳ ಸಾಲಿನಲ್ಲಿ ಬಂದು ಕೂತರು. ಕನ್ಸರ್ವೇಟಿವ್ ಪಕ್ಷದ ಗ್ಯಾರಿ ಫಿಲ್ಮನ್ ಮುಖ್ಯಮಂತ್ರಿಯಾದರು.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಅದಕ್ಕೆ ಮೊದಲು ಕ್ವಿಬೆಕ್ ಪ್ರಾಂತದ ವಿಷಯ ಎರಡು ಮಾತು.

ಕೆನಡಾದಲ್ಲಿ ಹತ್ತು ಪ್ರಾಂತಗಳು. ಅವುಗಳಲ್ಲಿ ಕ್ವಿಬೆಕ್‌ನ ಹೆಚ್ಚಿನ ಜನರ ಮನೆಮಾತು ಫ್ರೆಂಚ್. ಸುತ್ತಲೂ ಇಂಗ್ಲಿಷಿನ ಸಮುದ್ರ. ತಮ್ಮ ಭಾಷೆ ಕರಗಿಹೋಗಬಾರದೆಂದು ಅವರು ಪಟ್ಟ ಪಾಡು, ಮಾಡಿದ ಹೋರಾಟ ದೊಡ್ಡದು. 1982ರಲ್ಲಿ ಕೆನಡಾ ತನ್ನ ಸಂವಿಧಾನವನ್ನು ಬ್ರಿಟನ್ನಿನ ಕೈಯಿಂದ ಪೂರ್ತಿಯಾಗಿ ತನ್ನ ಕೈಗೆ ತಂದುಕೊಂಡಾಗ ಕ್ವಿಬೆಕ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಆ ಮುನಿಸನ್ನು ತೀರಿಸಲೆಂದು ಪ್ರಧಾನಿ ಬ್ರಯನ್ ಮಲ್ರೂನಿ 1987ರ ಏಪ್ರಿಲ್ 30ರಂದು ಹತ್ತು ಪ್ರಾಂತಗಳ ಮುಖ್ಯಮಂತ್ರಿಗಳನ್ನು ಒಟ್ಟಾವಾ ಸಮೀಪದ ಮೀಚ್ ಲೇಕ್ ಎಂಬಲ್ಲಿ ಸೇರಿಸಿದರು. ಹನ್ನೊಂದು ಗಂಡಸರು ಬಾಗಿಲು ಹಾಕಿಕೊಂಡು ಕೂತು ಒಂದು ಒಪ್ಪಂದ ಮಾಡಿದರು. ಅದರ ತಿರುಳು, ಕ್ವಿಬೆಕ್ ಒಂದು ‘ವಿಶಿಷ್ಟ ಸಮಾಜ’ ಎಂದು ಸಂವಿಧಾನದಲ್ಲೇ ಬರೆಯುವುದು. ಜೊತೆಗೆ ಪ್ರಾಂತಗಳಿಗೆ ಇನ್ನಷ್ಟು ಅಧಿಕಾರ.

ಭಾಷೆಯ ಅಭಿಮಾನವುಳ್ಳ ನಾವು ಇದಕ್ಕೆ ಚಪ್ಪಾಳೆ ತಟ್ಟಬೇಕಲ್ಲವೇ? ನಾನೂ ಮೊದಲು ಓದಿದಾಗ ಮನಸ್ಸು ಕ್ವಿಬೆಕ್ ಕಡೆಗೇ ವಾಲಿತು. ಆದರೆ ಮೂಲನಿವಾಸಿಗಳ ಕಡೆಯಿಂದ ನೋಡಿ. 1982ರ ಸಂವಿಧಾನ ಅವರ ಹಕ್ಕುಗಳನ್ನು ಮಾನ್ಯ ಮಾಡಿತ್ತು. ಆ ಹಕ್ಕುಗಳು ಯಾವುವು ಎಂದು ತೀರ್ಮಾನಿಸಲು 1983ರಿಂದ 1987ರವರೆಗೆ ನಾಲ್ಕು ಸಮ್ಮೇಳನಗಳು ನಡೆದವು. ನಮ್ಮ ಊರಿನ ಆಡಳಿತ ನಮಗೆ ಬಿಡಿ ಎಂದು ಅವರು ಕೇಳಿದಾಗ, ‘ಸ್ವಯಮಾಡಳಿತ ಎಂದರೆ ಏನೆಂದು ಸ್ಪಷ್ಟವಿಲ್ಲ’ ಎಂಬ ಉತ್ತರ ಬಂತು. ಕೊನೆಯ ಸಮ್ಮೇಳನ 1987ರ ಮಾರ್ಚ್ ಕೊನೆಯಲ್ಲಿ ಬರಿಗೈಯಲ್ಲಿ ಮುಗಿಯಿತು. ಐದೇ ವಾರಗಳ ನಂತರ ಅದೇ ನಾಯಕರು ಮೀಚ್ ಲೇಕಿನಲ್ಲಿ ಕೂತು, ಅಷ್ಟೇ ಅಸ್ಪಷ್ಟವಾದ ‘ವಿಶಿಷ್ಟ ಸಮಾಜ’ ಎಂಬ ಮಾತಿಗೆ ಒಪ್ಪಿದರು. ಆ ಒಪ್ಪಂದ ಫ್ರೆಂಚರು ಮತ್ತು ಇಂಗ್ಲಿಷರು ಇಬ್ಬರೇ ದೇಶ ಕಟ್ಟಿದವರು ಎಂಬಂತಿತ್ತು. ಅಣ್ಣತಮ್ಮಂದಿರು ಮನೆಯ ಪಾಲು ಮಾಡಿಕೊಳ್ಳಲು ಕೂತು, ಯಾರ ಮನೆಯೋ ಆ ಅಜ್ಜಿಯನ್ನೇ ಕೇಳಲು ಮರೆತಂತೆ.

ಈ ತಿದ್ದುಪಡಿಗೆ ಹತ್ತೂ ಪ್ರಾಂತಗಳ ಶಾಸನಸಭೆಗಳ ಒಪ್ಪಿಗೆ ಬೇಕಿತ್ತು. ನಮ್ಮಲ್ಲಿ ಕೆಲವು ಬಗೆಯ ತಿದ್ದುಪಡಿಗಳಿಗೆ ಸಂಸತ್ತಿನ ಮೇಲೆ ಅರ್ಧದಷ್ಟು ರಾಜ್ಯಗಳು ಒಪ್ಪಿದರೆ ಸಾಕು. ಅಲ್ಲಿ ಒಂದು ಪ್ರಾಂತ ತಪ್ಪಿದರೂ ಕೆಲಸ ಕೆಟ್ಟಿತು. ಮೂರು ವರ್ಷಗಳ ಗಡುವು, ಕೊನೆಯ ದಿನ 1990ರ ಜೂನ್ 23. ಗಡುವು ಹತ್ತಿರ ಬಂದಾಗ ಮಲ್ರೂನಿ ಮುಖ್ಯಮಂತ್ರಿಗಳನ್ನು ಒಟ್ಟಾವಾಕ್ಕೆ ಕರೆಸಿ, ಒಂದು ವಾರ ಮುಚ್ಚಿದ ಬಾಗಿಲ ಹಿಂದೆ ಮಾತುಕತೆ ನಡೆಸಿ, ಜೂನ್ 9ರಂದು ಒಪ್ಪಿಗೆ ಗಿಟ್ಟಿಸಿದರು. ಬೇಕೆಂದೇ ಕಡೆಯ ಗಳಿಗೆವರೆಗೆ ಕಾದು ದಾಳ ಉರುಳಿಸಿದೆ ಎಂಬರ್ಥದಲ್ಲಿ ಪತ್ರಿಕೆಯವರ ಮುಂದೆ ಜಂಬವನ್ನೂ ಕೊಚ್ಚಿಕೊಂಡರು. ದೇಶದ ಸಂವಿಧಾನವೇ ಪಗಡೆಯ ಹಾಸಾಯಿತು! ಆ ಮಾತು ಜನರನ್ನು ಎಷ್ಟು ಕೆರಳಿಸಿತೆಂದು ಬೇರೆ ಹೇಳಬೇಕಿಲ್ಲ.

ಉಳಿದದ್ದು ಎರಡೇ ವಾರ. ಮ್ಯಾನಿಟೋಬಾದ ನಿಯಮದಂತೆ ಇಂಥ ನಿರ್ಣಯ ಮಂಡಿಸಲು ಎರಡು ದಿನ ಮುಂಚಿತ ಸೂಚನೆ ಬೇಕು, ನಂತರ ಸಾರ್ವಜನಿಕರ ಅಹವಾಲು ಕೇಳಬೇಕು, ಚರ್ಚೆ ಆಗಬೇಕು. ಅಷ್ಟಕ್ಕೆಲ್ಲ ಸಮಯವಿರಲಿಲ್ಲ. ಒಂದೇ ದಾರಿ ಇತ್ತು. ಸಭೆಯಲ್ಲಿ ಹಾಜರಿರುವ ಎಲ್ಲರೂ ಒಪ್ಪಿದರೆ ನಿಯಮವನ್ನು ಬದಿಗಿಡಬಹುದು.

ಸರ್ವಾನುಮತ ಎಂದರೆ ನಮಗೆ ಗೊತ್ತಿಲ್ಲವೇ? ವಾರ್ಷಿಕ ಸಭೆಗಳಲ್ಲಿ ಲೆಕ್ಕಪತ್ರ ಓದಿ ‘ಎಲ್ಲರ ಒಪ್ಪಿಗೆ ಇದೆಯಷ್ಟೇ?’ ಎಂದು ಕೇಳುವ ಹೊತ್ತಿಗೆ ಹಿಂದಿನಿಂದ ಉಪ್ಪಿಟ್ಟಿನ ಘಮ ಬರುತ್ತಿರುತ್ತದೆ. ಕೈಗಳು ತಾವಾಗಿ ಮೇಲೇಳುತ್ತವೆ. 1990ರ ಜೂನ್ 12ರಂದು ವಿನ್ನಿಪೆಗ್‌ನಲ್ಲಿಯೂ ಹೀಗೇ ಆದೀತೆಂದು ದೊಡ್ಡವರು ಎಣಿಸಿದ್ದರು. ಮೂರೂ ಪಕ್ಷಗಳ ನಾಯಕರು ಒಟ್ಟಾವಾದಲ್ಲೇ ಒಪ್ಪಿ ಬಂದಿದ್ದರು. ಫಿಲ್ಮನ್ ಅನುಮತಿ ಕೋರಿದರು. ಸಭಾಧ್ಯಕ್ಷರು ಸರ್ವಾನುಮತ ಇದೆಯೇ ಎಂದು ಕೇಳಿದರು. ಹಾರ್ಪರ್ ಕೈಯಲ್ಲಿ ಒಂದು ಹದ್ದಿನ ಗರಿ ಇತ್ತು. ಅವರ ಜನರಿಗೆ ಅದು ಪವಿತ್ರ ವಸ್ತು. ಅವರು ‘ಇಲ್ಲ’ ಎಂದರು. ಕೂಗಲಿಲ್ಲ, ಮೇಜು ಗುದ್ದಲಿಲ್ಲ, ಮೈಕು ಕೀಳಲಿಲ್ಲ. ಮರುದಿನ ಮತ್ತೆ ಕೇಳಿದರು, ಮತ್ತೆ ‘ಇಲ್ಲ’. ಅದರ ಮರುದಿನವೂ ಅಷ್ಟೇ.

ಅವರು ಮುರಿದ ನಿಯಮ ಒಂದೂ ಇಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ನಿಯಮ ಮುರಿಯಲು ಒಪ್ಪಿಗೆ ಕೇಳಿದವರು ಸರ್ಕಾರದವರು. ನಿಯಮದಂತೆಯೇ ನಡೆಯಲಿ ಎಂದವರು ಹಾರ್ಪರ್. ಅವರ ಬೆನ್ನಿಗೆ ಮ್ಯಾನಿಟೋಬಾದ ಮೂಲನಿವಾಸಿ ಮುಖಂಡರೆಲ್ಲ ನಿಂತರು. ಶಾಸನಸಭೆಯ ಮುಂದೆ ಜನ ಸೇರಿ ಡೋಲು ಬಡಿದು ಹಾಡಿದರು. ಗಾಬರಿಗೊಂಡ ಕೇಂದ್ರ ಸರ್ಕಾರ ಜೂನ್ 18ರಂದು ನಿಯೋಗ ಕಳುಹಿಸಿ, ಒಂದು ರಾಯಲ್ ಕಮಿಷನ್ ನೇಮಿಸುತ್ತೇವೆ, ಮುಂದೆ ನಿಮ್ಮ ವಿಷಯ ಎತ್ತಿಕೊಳ್ಳುತ್ತೇವೆ ಎಂದು ಆರು ಅಂಶಗಳ ಭರವಸೆ ಮುಂದಿಟ್ಟಿತು. ಮುಖಂಡರು ಬೇಡವೆಂದರು. ‘ಆಮೇಲೆ ನೋಡೋಣ’ ಎಂಬ ಮಾತಿನ ಬೆಲೆ ಅವರಿಗೆ ಮುನ್ನೂರು ವರ್ಷಗಳಿಂದ ಗೊತ್ತಿತ್ತು.

ಜೂನ್ 22ರಂದು ಕಲಾಪ ಮುಂದುವರಿಸಲು ಕೊನೆಯ ಬಾರಿ ಒಪ್ಪಿಗೆ ಕೇಳಿದಾಗಲೂ ಬಂದದ್ದು ಅದೇ ಉತ್ತರ. ಸಭೆ ಮುಗಿಯಿತು. ಅತ್ತ ನ್ಯೂಫೌಂಡ್‌ಲ್ಯಾಂಡಿನ ಮುಖ್ಯಮಂತ್ರಿ ಕ್ಲೈಡ್ ವೆಲ್ಸ್ ಕೂಡ ಮತಕ್ಕೆ ಹಾಕದೆ ಸಭೆ ಮುಂದೂಡಿದರು. ಮೀಚ್ ಲೇಕ್ ಒಪ್ಪಂದ ಅಲ್ಲಿಗೆ ಸತ್ತಿತು. ಆ ವರ್ಷದ ಅತಿ ಹೆಚ್ಚು ಸುದ್ದಿಯಾದ ವ್ಯಕ್ತಿಯೆಂದು ಕೆನಡಿಯನ್ ಪ್ರೆಸ್ ಸುದ್ದಿಸಂಸ್ಥೆ ಹಾರ್ಪರ್ ಅವರನ್ನು ಆರಿಸಿತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ನಿಜವಾಗುವುದಿಲ್ಲ. ‘ಇಲ್ಲ’ ಎನ್ನುವುದಕ್ಕೂ ಬೆಲೆ ತೆರಬೇಕು. ಈ ಸಲ ತೆತ್ತವರು ಕ್ವಿಬೆಕ್‌ನವರು. ಇಂಗ್ಲಿಷ್ ಕೆನಡಾ ತಮ್ಮನ್ನು ಮತ್ತೊಮ್ಮೆ ದೂರ ತಳ್ಳಿತು ಎಂದೇ ಅಲ್ಲಿ ಬಹಳ ಜನ ತಿಳಿದರು. ಕ್ವಿಬೆಕ್ ವಿಶಿಷ್ಟ ಎಂಬುದಕ್ಕೆ ನಮ್ಮ ವಿರೋಧವಿಲ್ಲ, ನಮ್ಮನ್ನು ಬಿಟ್ಟು ಬರೆಯಬೇಡಿ ಎಂದಷ್ಟೇ ನಮ್ಮ ಮಾತು ಎಂದು ಹಾರ್ಪರ್ ಮತ್ತು ಅವರ ಸಂಗಡಿಗರು ಹೇಳಿದರೂ ಗಾಯ ಮಾಯಲಿಲ್ಲ. 1992ರ ಅಕ್ಟೋಬರ್ 26ರಂದು ಇನ್ನೊಂದು ಒಪ್ಪಂದವನ್ನು ಜನಮತಕ್ಕೆ ಹಾಕಿದರು. ಅದರಲ್ಲಿ ಮೂಲನಿವಾಸಿಗಳ ಸ್ವಯಮಾಡಳಿತವೂ ಸೇರಿತ್ತು. ಅದೂ ಸೋತಿತು. 1995ರ ಅಕ್ಟೋಬರ್ 30ರಂದು ಕ್ವಿಬೆಕ್ ಬೇರೆಯಾಗಬೇಕೇ ಎಂದು ಮತ ಕೇಳಿದಾಗ ಬೇಡವೆಂದವರು ಶೇಕಡಾ 50.58. ಕೂದಲೆಳೆಯಲ್ಲಿ ದೇಶ ಉಳಿಯಿತು.

ಹಾಗಾದರೆ ಹಾರ್ಪರ್ ಮಾಡಿದ್ದು ಸರಿಯೇ? ಸರಿಯೆಂದೇ ನನ್ನ ಅಭಿಪ್ರಾಯ. ನಿಮ್ಮದು ಬೇರೆಯಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ. ಒಬ್ಬರ ಭಾಷೆಗೆ ಮಾನ ಸಿಗಲೆಂದು ಇನ್ನೊಬ್ಬರ ಇರವನ್ನೇ ಮರೆತರೆ ಅದು ನ್ಯಾಯವಾಗುವುದಿಲ್ಲ. ಕ್ವಿಬೆಕ್‌ನ ಅಳಲು ನಿಜ. ಆದರೆ ಅದನ್ನು ತೀರಿಸಲು ಗಡುವಿನ ಕತ್ತಿ ತೋರಿಸಿ, ‘ಈಗ ಸುಮ್ಮನೆ ಒಪ್ಪಿಬಿಡಿ, ಇಲ್ಲದಿದ್ದರೆ ಮನೆ ಒಡೆದ ಪಾಪ ನಿಮಗೆ’ ಎಂದರಲ್ಲ, ತಪ್ಪು ಅಲ್ಲಿದೆ. ಈ ಮಾತಿನ ಧಾಟಿ ಹೆಣ್ಣುಮಕ್ಕಳಿಗೆ ಚೆನ್ನಾಗಿ ಪರಿಚಿತ. ಮದುವೆ ಮಾತುಕತೆ, ಆಸ್ತಿಯ ಕಾಗದ, ಸೈಟು ಮಾರುವುದು, ಊರು ಬಿಡುವುದು, ಎಲ್ಲ ನಿಶ್ಚಯವಾದ ಮೇಲೆ ಕೊನೆಯಲ್ಲಿ ‘ನಿಂದೇನೂ ಅಭ್ಯಂತರ ಇಲ್ಲ ತಾನೇ?’ ಎಂದು ಕೇಳುತ್ತಾರೆ. ಮೌನವೇ ಸಮ್ಮತಿ ಎಂದು ಬರೆದುಕೊಳ್ಳುತ್ತಾರೆ. ಅವಸರದಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ತೋರಿಸಲು ಒಮ್ಮೆಯಾದರೂ ಯಾರಾದರೂ ‘ಇಲ್ಲ’ ಎನ್ನಬೇಕಾಗುತ್ತದೆ.

ಆ ‘ಇಲ್ಲ’ ನಂತರ ಕೆನಡಾದಲ್ಲಿ ಮೂಲನಿವಾಸಿಗಳನ್ನು ಬಿಟ್ಟು ಸಂವಿಧಾನದ ಮಾತೆತ್ತುವುದು ಕಷ್ಟವಾಯಿತು. ಬೇಡವೆಂದಿದ್ದ ರಾಯಲ್ ಕಮಿಷನ್ 1991ರಲ್ಲಿ ಬಂದೇ ಬಂತು, 1996ರಲ್ಲಿ ದೊಡ್ಡ ವರದಿ ಕೊಟ್ಟಿತು. ಹಾರ್ಪರ್ 1992ರಲ್ಲಿ ಶಾಸನಸಭೆ ಬಿಟ್ಟು, 1993ರಲ್ಲಿ ಲಿಬರಲ್ ಪಕ್ಷದಿಂದ ಚರ್ಚಿಲ್ ಕ್ಷೇತ್ರದ ಸಂಸದರಾದರು. ಪಕ್ಷ ಬದಲಿಸಿದ್ದು ಹಳೆಯ ಗೆಳೆಯರಿಗೆ ಹಿಡಿಸಿರಲಾರದು. 1995ರ ಡಿಸೆಂಬರಿನಲ್ಲಿ ಹಲ್ ನಗರದಲ್ಲಿ ಮೂಲನಿವಾಸಿಗಳನ್ನೂ ಇತರರನ್ನೂ ಒಂದೆಡೆ ಕೂರಿಸಿ ‘ಸೇಕ್ರೆಡ್ ಅಸೆಂಬ್ಲಿ’ ಎಂಬ ಸಮಾವೇಶ ನಡೆಸಿದರು. ಮೂಲನಿವಾಸಿಗಳಿಗೊಂದು ರಾಷ್ಟ್ರೀಯ ದಿನ ಬೇಕೆಂದು ಅಲ್ಲಿ ಕೇಳಿದರು. ಮರುವರ್ಷ, 1996ರಿಂದ, ಜೂನ್ 21 ಆ ದಿನವಾಯಿತು. 1997ರ ಚುನಾವಣೆಯಲ್ಲಿ ಹಾರ್ಪರ್ ಸೋತರು. ಜನ ಚಪ್ಪಾಳೆ ತಟ್ಟಿದ ಕೈಯಲ್ಲೇ ಮತ ಹಾಕುತ್ತಾರೆಂಬ ಭರವಸೆ ರಾಜಕೀಯದಲ್ಲಿ ಯಾರಿಗೂ ಇಲ್ಲ.

ಸಕ್ಕರೆ ಕಾಯಿಲೆ ಅವರನ್ನು ಹಣ್ಣುಮಾಡಿತ್ತು. 2013ರ ಮೇ 17ರಂದು ಒಟ್ಟಾವಾದಲ್ಲಿ, 64ರ ವಯಸ್ಸಿನಲ್ಲಿ ತೀರಿಕೊಂಡರು. ಜನರ ಅಂತಿಮ ದರ್ಶನಕ್ಕಾಗಿ ಅವರ ದೇಹವನ್ನು ಇರಿಸಿದ್ದು ವಿನ್ನಿಪೆಗ್‌ನ ಅದೇ ಶಾಸನಸಭೆಯ ಕಟ್ಟಡದಲ್ಲಿ.

ಹತ್ತು ವರ್ಷಗಳ ನಂತರ, 2023ರ ಅಕ್ಟೋಬರಿನಲ್ಲಿ, ಆ ಕಟ್ಟಡದಲ್ಲಿ ಹೊಸ ಮುಖ್ಯಮಂತ್ರಿ ಅಧಿಕಾರಕ್ಕೆ ಬಂದರು. ಅವರ ಹೆಸರು ವಾಬ್ ಕಿನ್ಯೂ, ಹಾರ್ಪರ್ ಅವರ ಹಳೆಯ ಪಕ್ಷದವರು. ಕೆನಡಾದ ಒಂದು ಪ್ರಾಂತದ ಮುಖ್ಯಮಂತ್ರಿಯಾದ ಫಸ್ಟ್ ನೇಷನ್ಸ್ ಜನರಲ್ಲಿ ಅವರೇ ಮೊದಲಿಗರು. ಒಪ್ಪಿಗೆ ಕೇಳಿಸಿಕೊಳ್ಳುವ ಜಾಗದಿಂದ ಒಪ್ಪಿಗೆ ಕೇಳುವ ಜಾಗಕ್ಕೆ ಬರಲು 33 ವರ್ಷ ಹಿಡಿಯಿತು.

ನಿಮ್ಮ ಮಕ್ಕಳು, ಮೊಮ್ಮಕ್ಕಳು ಅಲ್ಲಿಂದ ಫೋನು ಮಾಡಿದಾಗ ಚಳಿ, ಬಾಡಿಗೆ, ಅಡಿಗೆ ವಿಚಾರಿಸಿದ ಮೇಲೆ, ಎಲೈಜಾ ಹಾರ್ಪರ್ ಹೆಸರು ಕೇಳಿದ್ದೀರಾ ಎಂದೂ ಒಂದು ಮಾತು ಕೇಳಿ. ಕೇಳಿಲ್ಲ ಎಂದರೆ ಈ ಕಥೆಯನ್ನು ಹೇಳಿ. ಕನ್ನಡದಲ್ಲಿಯೇ ಹೇಳಿ.